ಅಜ್ಜನ ಕಾಲದ ಆಟಿಕೆ ಮೋಟಾರು: ಪ್ಲಗ್ ಚುಚ್ಚುವ ಮುಂಚೆ ಸ್ವಲ್ಪ ತಡೀರಿ

ಮನೆಯಲ್ಲಿ ಮಿಕ್ಸಿ ಸುಟ್ಟುಹೋದರೆ ಯಾರೂ ತಿಪ್ಪೆಗೆ ಎಸೆಯುವುದಿಲ್ಲ. ಬಟ್ಟೆ ಚೀಲಕ್ಕೆ ಹಾಕಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಪೇಟೆಯ ರಿವೈಂಡಿಂಗ್ ಅಂಗಡಿಗೆ ತರುತ್ತಾರೆ. ಮೇಸ್ತ್ರಿ ಮೂಗಿನ ಹತ್ತಿರ ಹಿಡಿದು ಮೂಸಿಯೇ ಹೇಳುತ್ತಾನೆ: ‘ಕಾಯಿಲ್ ಹೋಗಿದೆ ಸ್ವಾಮಿ, ನಾಡಿದ್ದು ಬನ್ನಿ.’ ನಮ್ಮಲ್ಲಿ ಇದು ದಿನನಿತ್ಯದ ವ್ಯವಹಾರ.

ಇದೇ ಕೆಲಸವನ್ನು ಎಂಬತ್ತು, ತೊಂಬತ್ತು ವರ್ಷ ಹಳೆಯ ಮಕ್ಕಳ ಆಟಿಕೆ ಮೋಟಾರುಗಳಿಗೆ ಮಾಡುತ್ತಾ ಕೂತಿರುವ ಜನ ಇಂಗ್ಲೆಂಡಿನಲ್ಲಿದ್ದಾರೆ. ಅವರಿಗೆ ಕೂಲಿ ಕೊಡುವವರಿಲ್ಲ, ನಾಡಿದ್ದು ಬರುವ ಗಿರಾಕಿಯೂ ಇಲ್ಲ. ಆದರೂ ಅಂಗೈಯಲ್ಲಿ ಹಿಡಿಸುವಷ್ಟು ಕಬ್ಬಿಣದ ಪೆಟ್ಟಿಗೆಯೊಂದು ಮತ್ತೆ ಗುರ್ ಅನ್ನಲಿ ಅಂತ ವಾರಗಟ್ಟಲೆ ಕಷ್ಟಪಡುತ್ತಾರೆ. ಇದೇನು ಹುಚ್ಚು ಅಂತೀರಾ? ಸ್ವಲ್ಪ ಕೇಳಿ.

ಈ ಮೋಟಾರುಗಳು ‘ಮೆಕ್ಯಾನೋ’ ಎಂಬ ಆಟಿಕೆ ಸೆಟ್ಟಿನವು. ತೂತು ತೂತಿನ ಲೋಹದ ಪಟ್ಟಿ, ನಟ್ಟು, ಬೋಲ್ಟು, ಚಕ್ರ, ಹಲ್ಲುಗಾಲಿ ಎಲ್ಲಾ ಒಂದು ಪೆಟ್ಟಿಗೆಯಲ್ಲಿ. ಹುಡುಗ ಅದರಲ್ಲೇ ಕ್ರೇನ್ ಕಟ್ಟಬಹುದು, ಸೇತುವೆ ಕಟ್ಟಬಹುದು, ಬೇಸರ ಬಂದರೆ ಬಿಚ್ಚಿ ಲಾರಿ ಮಾಡಬಹುದು. ‘ಮೆಕ್ಯಾನಿಕ್ಸ್’ ಎಂಬ ಹೆಸರಿನಲ್ಲಿ ಇಂಥದೇ ಸೆಟ್ಟು ನಮ್ಮ ದೇಶದಲ್ಲೂ ಮಾರಾಟವಾಗಿದೆ. ಸ್ಕ್ರೂ ಡ್ರೈವರ್ ಹಿಡಿದು ಬೆರಳು ಕೆತ್ತಿಕೊಂಡವರು ಓದುಗರಲ್ಲೂ ಇರಬಹುದು.

ಮೂಲದ ಸೆಟ್ಟನ್ನು ಕಂಡುಹಿಡಿದ ಫ್ರಾಂಕ್ ಹಾರ್ನ್‌ಬಿ ಎಂಜಿನಿಯರ್ ಏನಲ್ಲ. ಲಿವರ್‌ಪೂಲ್ ಊರಿನಲ್ಲಿ ಮಾಂಸ ಆಮದು ಮಾಡುವ ವ್ಯಾಪಾರಿಯ ಹತ್ತಿರ ಲೆಕ್ಕ ಬರೆಯುತ್ತಿದ್ದ ಗುಮಾಸ್ತ. ತನ್ನ ಮಕ್ಕಳಿಗೆ ಆಡಲು ಮನೆಯಲ್ಲೇ ತಗಡು ಕತ್ತರಿಸಿ, ಅರ್ಧ ಅಂಗುಲಕ್ಕೊಂದು ತೂತು ಕೊರೆದು ಪಟ್ಟಿ ಮಾಡಿದ. ಆ ಅರ್ಧ ಅಂಗುಲವೇ ಗುಟ್ಟು. ಎಲ್ಲಾ ತೂತೂ ಒಂದೇ ಅಂತರದಲ್ಲಿದ್ದರೆ ಯಾವ ಪಟ್ಟಿ ಬೇಕಾದರೂ ಯಾವುದಕ್ಕೆ ಬೇಕಾದರೂ ಕೂರುತ್ತದೆ. ಧಣಿಯ ಹತ್ತಿರವೇ 5 ಪೌಂಡ್ ಸಾಲ ತೆಗೆದು 1901ರಲ್ಲಿ ಪೇಟೆಂಟ್ ಮಾಡಿಸಿದ. 1907ರಲ್ಲಿ ಮೆಕ್ಯಾನೋ ಎಂಬ ಹೆಸರು ಬಂತು. 1914ರಲ್ಲಿ ಲಿವರ್‌ಪೂಲಿನ ಬಿನ್ಸ್ ರೋಡಿನಲ್ಲಿ ದೊಡ್ಡ ಕಾರ್ಖಾನೆ ಎದ್ದಿತು. ಗುಮಾಸ್ತ ಕೊನೆಗೆ ಪಾರ್ಲಿಮೆಂಟ್ ಮೆಂಬರೂ ಆದ ಅನ್ನಿ.

ಮೊದಲಿಗೆ ಕ್ರೇನನ್ನು ಕೈಯಿಂದ ತಿರುಗಿಸಬೇಕಿತ್ತು. ಆಮೇಲೆ ಕೀಲಿ ಕೊಡುವ ಮೋಟಾರು, ಬ್ಯಾಟರಿಯಿಂದ ತಿರುಗುವ 4 ವೋಲ್ಟಿನ ಮೋಟಾರು ಬಂದವು. 1930ರ ದಶಕದಿಂದ E6, E20 ಅಂತ ನಮೂನೆಗಳು, ಮಹಾಯುದ್ಧದ ನಂತರ E15R, E20R. ಹೆಸರಿನಲ್ಲೇ ಲೆಕ್ಕ ಇದೆ: 20 ಅಂದರೆ 20 ವೋಲ್ಟು, R ಇದ್ದರೆ ಹಿಂದಕ್ಕೂ ತಿರುಗುತ್ತದೆ.

ಅಪಾಯ ಇರುವುದು ಇಲ್ಲೇ. ಅಟ್ಟ ಗುಡಿಸುವಾಗ ಅಜ್ಜನ ಪೆಟ್ಟಿಗೆ ಸಿಗುತ್ತದೆ. ‘ಓಡುತ್ತಾ ನೋಡೋಣ’ ಅಂತ ಎರಡು ವೈರು ಸಿಕ್ಕಿಸಿ ನೇರ ಗೋಡೆಯ ಪ್ಲಗ್ಗಿಗೆ ಚುಚ್ಚುತ್ತಾರೆ. 20 ವೋಲ್ಟಿನ ಮೋಟಾರಿಗೆ 230 ವೋಲ್ಟು! ಹನ್ನೊಂದು ಪಟ್ಟು. ಟ್ರಾನ್ಸ್‌ಫಾರ್ಮರ್ ನಡುವೆ ಇರಬೇಕಿತ್ತು ಅಂತ ನೆನಪಾಗುವಷ್ಟರಲ್ಲಿ ಹೊಗೆ ಎದ್ದಿರುತ್ತದೆ. ಅರ್ಧ ನಿಮಿಷದ ಆತುರಕ್ಕೆ ಎಂಬತ್ತು ವರ್ಷ ಬದುಕಿದ್ದ ಯಂತ್ರ ಖಲಾಸ್.

ಮನುಷ್ಯನೂ ಖಲಾಸಾಗಬಹುದು. 1920ರ ದಶಕದಲ್ಲಿ ಮೆಕ್ಯಾನೋದವರೇ ಮನೆಯ ಕರೆಂಟಿಗೆ ನೇರವಾಗಿ ಜೋಡಿಸುವ ಮೋಟಾರು ಮಾರಿದ್ದರು. ನಡುವೆ ಒಂದು ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ ಕರೆಂಟನ್ನು ತಗ್ಗಿಸುವ ಏರ್ಪಾಡು. ನಮ್ಮ ಎಲೆಕ್ಟ್ರಿಷಿಯನ್ನರು ಇವತ್ತೂ ಬಳಸುವ ಸೀರೀಸ್ ಲ್ಯಾಂಪ್ ಇದೆಯಲ್ಲ, ಅದೇ ಉಪಾಯ. ಬಲ್ಬು ಕರೆಂಟನ್ನು ತಗ್ಗಿಸುತ್ತದೆ ನಿಜ, ಶಾಕ್ ತಪ್ಪಿಸುವುದಿಲ್ಲ. ಒಳಗಿನ ತಂತಿಯ ಹೊದಿಕೆ ಹರಿದು ಕಬ್ಬಿಣದ ತಗಡಿಗೆ ತಾಗಿದರೆ ಇಡೀ ಕ್ರೇನೇ ಕರೆಂಟು ಹೊತ್ತು ನಿಂತಿರುತ್ತದೆ. ಆಟಿಕೆ ತಾನೆ ಅಂತ ಮಗು ಮುಟ್ಟುತ್ತದೆ. ಈ ನಮೂನೆಯ ಮೋಟಾರು ಸಿಕ್ಕರೆ ಒರೆಸಿ ಗಾಜಿನ ಕಪಾಟಿನಲ್ಲಿಡುವುದೇ ಸರಿ. ಓಡಿಸುವ ಚಪಲ ಬೇಡ.

ಕಡಿಮೆ ವೋಲ್ಟಿನವಕ್ಕೆ ಮಾತ್ರ ಧೈರ್ಯವಾಗಿ ಕೈ ಹಾಕಬಹುದು. ಮೊದಲ ಕೆಲಸ ಬರೀ ಶುಚಿ. ಶಾಫ್ಟಿಗೆ ಬಿಟ್ಟ ಎಣ್ಣೆ ದಶಕಗಟ್ಟಲೆ ಕೂತು ಹಲಸಿನ ಮೇಣದ ಹಾಗೆ ಅಂಟಾಗಿರುತ್ತದೆ. ಎಷ್ಟೋ ‘ಸತ್ತ’ ಮೋಟಾರುಗಳಿಗೆ ಇರುವುದು ಈ ಒಂದೇ ಕಾಯಿಲೆ. ಸೀಮೆಎಣ್ಣೆಯಲ್ಲಿ ಅದ್ದಿದ ಚಿಂದಿಯಿಂದ ಶಾಫ್ಟು, ಬುಷ್ಷು ಒರೆಸಿದರೆ ಬೆರಳಿಗೆ ಸಲೀಸಾಗಿ ತಿರುಗುತ್ತದೆ. ಸ್ಪಿರಿಟ್ ಮಾತ್ರ ಕಾಯಿಲ್ ಹತ್ತಿರ ತರಬಾರದು. ಹಳೆ ಕಾಲದಲ್ಲಿ ಕಾಯಿಲ್ ಮೇಲೆ ಅರಗಿನ ವಾರ್ನಿಷ್ ಬಳಿಯುವ ವಾಡಿಕೆ ಇತ್ತು. ಅರಗು ಸ್ಪಿರಿಟ್ಟಿಗೆ ಕರಗುತ್ತದೆ. ಅಂದಹಾಗೆ ಆಗ ಜಗತ್ತಿಗೆಲ್ಲ ಅರಗು ಹೋಗುತ್ತಿದ್ದದ್ದು ಹೆಚ್ಚಾಗಿ ನಮ್ಮ ದೇಶದಿಂದಲೇ. ಲಿವರ್‌ಪೂಲಿನ ಆಟಿಕೆಯ ಹೊಟ್ಟೆಯೊಳಗೂ ನಮ್ಮ ಕಾಡಿನ ಅರಗು ಇದ್ದೀತು.

ಆಮೇಲೆ ಕಮ್ಯುಟೇಟರ್, ಅಂದರೆ ಕಾರ್ಬನ್ ಉಜ್ಜುವ ತಾಮ್ರದ ಭಾಗ. ಅದು ಕಪ್ಪಿಟ್ಟಿದ್ದರೆ ಕರೆಂಟು ದಾಟುವುದಿಲ್ಲ. ತೀರಾ ನಯವಾದ ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಬೇಕು. ಎಮರಿ ಕಾಗದ ಬೇಡ, ಅದರ ಪುಡಿ ಕರೆಂಟು ಹರಿಸಬಲ್ಲದು. ತಾಮ್ರದ ತುಂಡುಗಳ ನಡುವಿನ ಸಂದಿಯಲ್ಲಿ ಕಾರ್ಬನ್ ಪುಡಿ ತುಂಬಿರುತ್ತದೆ. ಹಲ್ಲುಕಡ್ಡಿಯಿಂದ ಕೆದಕಿ ತೆಗೆಯಬೇಕು. ಈ ಜಾಗಕ್ಕೆ ಒಂದು ತೊಟ್ಟು ಎಣ್ಣೆಯೂ ಬೀಳಕೂಡದು. ಎಣ್ಣೆ ಶಾಫ್ಟಿನ ಎರಡು ತುದಿಗೆ ಮಾತ್ರ, ಅದೂ ಹೊಲಿಗೆ ಮೆಷಿನ್ನಿನದು, ಒಂದೊಂದೇ ಹನಿ.

ಮೂರನೆಯದು ತಪಾಸಣೆ. ಇಂಥ ಸಣ್ಣ ಮೋಟಾರಿನಲ್ಲಿ ತಿರುಗುವ ಆರ್ಮೇಚರಿಗೆ ಸಾಮಾನ್ಯವಾಗಿ ಮೂರು ಕಾಯಿಲ್. ಮೀಟರಿನ ಕಡ್ಡಿಯನ್ನು ಕಮ್ಯುಟೇಟರಿನ ಎರಡೆರಡು ತುಂಡಿಗೆ ಇಟ್ಟು ನೋಡಿದರೆ ಮೂರು ಸಲವೂ ಒಂದೇ ಲೆಕ್ಕ ಬರಬೇಕು. ಒಂದು ಹೆಚ್ಚು ಕಡಿಮೆಯಾದರೆ ಕಾಯಿಲ್ ತುಂಡಾಗಿದೆ, ಇಲ್ಲವೇ ಒಳಗೊಳಗೇ ಕೂಡಿಕೊಂಡಿದೆ. ಆಗ ರಿವೈಂಡಿಂಗೇ ಗತಿ. ಹಳೆ ತಂತಿಯನ್ನು ಸುತ್ತು ಎಣಿಸುತ್ತಾ ಬಿಚ್ಚಬೇಕು, ಗೇಜು ಅಳೆಯಬೇಕು, ಯಾವ ದಿಕ್ಕಿಗೆ ಸುತ್ತಿತ್ತೆಂದು ಬರೆದಿಡಬೇಕು. ಎಣಿಕೆ ತಪ್ಪಿದರೆ ಮತ್ತೆ ಮೊದಲಿನಿಂದ. ನಮ್ಮ ಮೇಸ್ತ್ರಿಗಳಿಗೆ ಇದನ್ನು ಹೇಳಿಕೊಡಬೇಕಾದ್ದಿಲ್ಲ.

E20 ಜಾತಿಯ ಮೋಟಾರಿಗೂ ಮಿಕ್ಸಿ ಮೋಟಾರಿಗೂ ಸಂಬಂಧ ಇದೆ. ಎರಡರಲ್ಲೂ ಹೊರಗಿನ ಕಾಯಿಲ್ ಮತ್ತು ಒಳಗೆ ತಿರುಗುವ ಕಾಯಿಲ್ ಒಂದರ ಹಿಂದೊಂದು ಜೋಡಣೆ. ಎಸಿ ಕರೆಂಟು ದಿಕ್ಕು ಬದಲಿಸಿದಾಗ ಎರಡೂ ಒಟ್ಟಿಗೆ ಬದಲಾಗುವುದರಿಂದ ತಿರುಗುವ ದಿಕ್ಕು ಬದಲಾಗದು. ಹಾಗಾಗಿ ವೈರನ್ನು ಅದಲು ಬದಲು ಮಾಡಿದರೆ ಹಿಂದಕ್ಕೆ ತಿರುಗುವುದಿಲ್ಲ. ಅದಕ್ಕೆಂದೇ ಪಕ್ಕದಲ್ಲೊಂದು ಕೈಪಿಡಿ ಇಟ್ಟಿದ್ದಾರೆ. ಅದು ಎರಡರಲ್ಲಿ ಒಂದು ಕಾಯಿಲ್ಲಿನ ಸಂಪರ್ಕವನ್ನಷ್ಟೇ ತಿರುಗು ಮುರುಗು ಮಾಡುತ್ತದೆ. ಈ ಕೈಪಿಡಿಯ ಸ್ಪರ್ಶ ಸಡಿಲವಾಗಿದ್ದರೂ ಮೋಟಾರು ಸತ್ತಂತೆ ಬಿದ್ದಿರುತ್ತದೆ. ಕಾಯಿಲ್ ಬಿಚ್ಚುವ ಮುಂಚೆ ಇದನ್ನು ನೋಡಬೇಕು.

ಹಳೆ ವೈರಿನ ವಿಷಯದಲ್ಲಿ ಎರಡು ಪಂಗಡ. ಎಲ್ಲಾ ಮೂಲದಲ್ಲಿದ್ದಂತೆಯೇ ಇರಬೇಕು, ಕೈ ಹಚ್ಚಬೇಡಿ ಅನ್ನುವವರು ಕೆಲವರು. ಓಡದ ಮೋಟಾರು ಇದ್ದೇನು ಪ್ರಯೋಜನ ಅನ್ನುವವರು ಇನ್ನು ಕೆಲವರು. ಬಣ್ಣದ ವಿಷಯದಲ್ಲಿ ಮೊದಲಿನವರ ಮಾತು ಸರಿ. ಸವೆದ ಬಣ್ಣಕ್ಕೆ ಹೊಸ ಪೈಂಟ್ ಬಳಿದರೆ ಅದರ ವಯಸ್ಸನ್ನೇ ಅಳಿಸಿದಂತೆ. ಆದರೆ ಪುಡಿಪುಡಿಯಾಗಿ ಉದುರುವ ರಬ್ಬರ್ ವೈರನ್ನು ಉಳಿಸಿಕೊಂಡು ಕರೆಂಟು ಹರಿಸುವುದು ಭಕ್ತಿಯಲ್ಲ, ಪೆದ್ದುತನ. ಹಳೆ ಟ್ರಾನ್ಸ್‌ಫಾರ್ಮರಿನ ಗತಿಯೂ ಅಷ್ಟೆ. ಮೋಟಾರು ಹಳೆಯದಿರಲಿ, ಕರೆಂಟು ಕೊಡುವ ಪೆಟ್ಟಿಗೆ ಹೊಸದಿರಬೇಕು.

ಇಷ್ಟೆಲ್ಲ ಜೋಪಾನಕ್ಕೆ ಕಾರಣ ಇಲ್ಲದಿಲ್ಲ. ಹೋದ ಮೋಟಾರಿಗೆ ಬದಲು ಕೊಡುವ ಕಾರ್ಖಾನೆ ಉಳಿದಿಲ್ಲ. 1936ರಲ್ಲಿ ಹಾರ್ನ್‌ಬಿ ತೀರಿಕೊಂಡ. 1964ರಲ್ಲಿ ಕಂಪೆನಿ ಲೈನ್ಸ್ ಬ್ರದರ್ಸ್ ಪಾಲಾಯಿತು; ಅವರು ಮುಳುಗಿದ ಮೇಲೆ 1971ರಲ್ಲಿ ಏರ್‌ಫಿಕ್ಸ್ ಕೈಗೆ ಬಂತು. 1979ರ ನವೆಂಬರ್ ಕೊನೆಯಲ್ಲಿ ಬಿನ್ಸ್ ರೋಡ್ ಕಾರ್ಖಾನೆಗೆ ಬೀಗ. ನೂರಾರು ಕೆಲಸಗಾರರು ಬೀದಿಗೆ ಬಿದ್ದರು. ಅವರು ಸುಮ್ಮನೆ ಮನೆಗೆ ಹೋಗಲಿಲ್ಲ, ಕಾರ್ಖಾನೆಯೊಳಗೇ ಠಿಕಾಣಿ ಹೂಡಿ ಕೂತರು. ಆದರೂ ಬಾಗಿಲು ತೆರೆಯಲಿಲ್ಲ. ಮುಚ್ಚಿದ ಏರ್‌ಫಿಕ್ಸ್ ಕೂಡ 1981ರಲ್ಲಿ ದಿವಾಳಿ. ಮೆಕ್ಯಾನೋ ಹೆಸರು ಫ್ರಾನ್ಸಿನ ಕ್ಯಾಲೆ ಊರಿನಲ್ಲಿ ಬದುಕಿಕೊಂಡಿತ್ತು. ಆ ಕಾರ್ಖಾನೆಯನ್ನೂ ಮುಚ್ಚುವುದಾಗಿ 2023ರಲ್ಲಿ ಸಾರಿದರು. ಲಿವರ್‌ಪೂಲಿನ ಹೆಂಗಸರು, ಗಂಡಸರು ಜೋಡಿಸಿದ ಮೋಟಾರುಗಳಲ್ಲಿ ಈಗ ಒಂದು ಸುಟ್ಟರೆ ಲೆಕ್ಕದಲ್ಲಿ ಒಂದು ಕಡಿಮೆಯಾದಂತೆಯೇ.

ಆಟಿಕೆಗೆ ಇಷ್ಟು ದೊಡ್ಡ ಮಾತೇಕೆ ಅನ್ನುವವರಿಗೆ ಇನ್ನೊಂದು ಸಂಗತಿ. 1934ರಲ್ಲಿ ಮ್ಯಾಂಚೆಸ್ಟರ್ ಯೂನಿವರ್ಸಿಟಿಯ ಡಗ್ಲಾಸ್ ಹಾರ್ಟ್ರೀ ಮತ್ತು ಆರ್ಥರ್ ಪೋರ್ಟರ್ ಸುಮಾರು 20 ಪೌಂಡಿನ ಮೆಕ್ಯಾನೋ ಸಾಮಾನಿನಿಂದಲೇ ಕಠಿಣವಾದ ಗಣಿತ ಬಿಡಿಸುವ ಯಂತ್ರ ಕಟ್ಟಿದರು. ಇಂದಿನ ಕಂಪ್ಯೂಟರಿಗೆ ಅದು ದೂರದ ನೆಂಟ. ಅಂಥದೇ ಇನ್ನೊಂದನ್ನು 1935ರಲ್ಲಿ ಕೇಂಬ್ರಿಡ್ಜಿನಲ್ಲಿ ಕಟ್ಟಿದರು. ಅದು 1950ರಲ್ಲಿ ಹಡಗು ಹತ್ತಿ ನ್ಯೂಜಿಲೆಂಡಿಗೆ ಹೋಯಿತು, ಕಾಲಕ್ರಮದಲ್ಲಿ ಮೂಲೆ ಸೇರಿತು. ಹವ್ಯಾಸಿಗಳು ಅದನ್ನು ಬಿಚ್ಚಿ, ಒರೆಸಿ, ಜೋಡಿಸಿ ಮತ್ತೆ ತಿರುಗುವಂತೆ ಮಾಡಿದರು. ಈಗ ಆಕ್ಲೆಂಡಿನ ಮೋಟ್ಯಾಟ್ ಮ್ಯೂಸಿಯಮ್ಮಿನಲ್ಲಿದೆ.

ನಮ್ಮೂರ ಅಟ್ಟಗಳಲ್ಲಿ ಮೆಕ್ಯಾನೋ ಸಿಗುವುದು ಅಪರೂಪ. ಸಿಗುವುದು ಹಳೆ ಟೇಬಲ್ ಫ್ಯಾನು, ಹೊಲಿಗೆ ಮೆಷಿನ್ನಿನ ಮೋಟಾರು. ಅವಕ್ಕೂ ಕ್ರಮ ಇದೇ: ಮೊದಲು ಕೈಯಿಂದ ತಿರುಗಿಸಿ ನೋಡುವುದು, ಆಮೇಲೆ ಒರೆಸುವುದು, ಆಮೇಲೆ ಮೀಟರು. ಕಟ್ಟಕಡೆಗೆ ಸೀರೀಸ್ ಲ್ಯಾಂಪ್ ಹಾಕಿ ಸ್ವಿಚ್ಚು. ಬಲ್ಬು ಪೂರಾ ಉರಿದರೆ ಒಳಗೆ ಶಾರ್ಟು, ಕೂಡಲೇ ತೆಗೆಯಿರಿ. ಮಂಕಾಗಿ ಉರಿದು ಮೋಟಾರು ನಿಧಾನ ಅಲ್ಲಾಡಿತೋ, ಇನ್ನೊಂದು ಹನಿ ಎಣ್ಣೆ ಬಿಡಬಹುದು.