ಹಳೇ ಕೆಮ್ಮು, ಹೊಸ ಕೆಮ್ಮು

ಬೆಳಗಿನ ಆರೂವರೆಗೆ ನಮ್ಮೂರಿನ ವಿದ್ಯಾನಗರದ ರಸ್ತೆಗಳಲ್ಲಿ ವಾಕಿಂಗ್ ಮುಗಿಸಿದವರೂ ಟ್ಯೂಷನ್‌ಗೆ ಹೊರಟ ಹುಡುಗರೂ ಎದುರುಬದುರಾಗುತ್ತಾರೆ. ಚಹಾದಂಗಡಿ ಮುಂದೆ ಹಿರಿಯರೊಬ್ಬರು ಅಂಗೈ ಮರೆ ಮಾಡಿ ಬೀಡಿ ಹಚ್ಚುತ್ತಾರೆ. ಮೊದಲ ದಮ್ಮಿಗೇ ಕೆಮ್ಮು. ಗೋಡೆ ಹಿಡಿದು, ಕಣ್ಣಲ್ಲಿ ನೀರು ಬರುವತನಕ ಕೆಮ್ಮುತ್ತಾರೆ. “ಡಾಕ್ಟ್ರಿಗೆ ತೋರಿಸ್ರಿ ಯಜಮಾನ್ರೆ” ಎಂದರೆ, “ಮೂವತ್ತು ವರ್ಷದ ಕೆಮ್ಮು ಇದು, ಏನ್ ತೋರ್ಸೋದು ಬಿಡ್ರಿ” ಎನ್ನುತ್ತಾರೆ.

ಈ ಊರಲ್ಲಿ ಕೆಮ್ಮಿಗೆ ನೆವ ಹುಡುಕಬೇಕಿಲ್ಲ. ಹತ್ತಿ ಗಿರಣಿಯಲ್ಲಿ ದುಡಿದವರು ಧೂಳನ್ನು ದೂರುತ್ತಿದ್ದರು, ಮಂಡಕ್ಕಿ ಭಟ್ಟಿಯವರು ಹೊಗೆಯನ್ನು ದೂರುತ್ತಾರೆ. ಭಟ್ಟಿಯೊಳಗೆ ಕಾದ ಮರಳಿಗೆ ಅಕ್ಕಿ ಬಿದ್ದದ್ದೇ ತಡ, ಚಟಪಟ ಅರಳಿ ಬಾಣಲೆ ಬೆಳ್ಳಗಾಗುತ್ತದೆ. ಕೆಳಗೆ ಒಲೆಬಾಯಿಗೆ ಉರುವಲು ತುಂಬುವವರ ರೆಪ್ಪೆಗೂ ಮೂಗಿನ ಹೊಳ್ಳೆಗೂ ಮಸಿ ಮೆತ್ತಿರುತ್ತದೆ. ಶ್ವಾಸಕೋಶದ ಕ್ಯಾನ್ಸರಿಗೆ ಮೊದಲ ಕಾರಣ ತಂಬಾಕಿನ ಹೊಗೆ, ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಡೀಸೆಲ್ ಹೊಗೆಯನ್ನು 2012ರಲ್ಲಿ, ವಾಯುಮಾಲಿನ್ಯವನ್ನು 2013ರಲ್ಲಿ ಖಚಿತ ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿದೆ. ಬೀಡಿ ಮುಟ್ಟದ ಹೆಂಗಸರಿಗೂ ಈ ಕಾಯಿಲೆ ಬರುತ್ತದೆ.

ಶ್ವಾಸಕೋಶದ ಒಳಭಾಗಕ್ಕೆ ನೋವು ತಿಳಿಯುವುದಿಲ್ಲ. ಗಡ್ಡೆ ಪಕ್ಕೆಯ ಪೊರೆಗೋ ಮೂಳೆಗೋ ತಾಗಿದ ಮೇಲೆ ಎದೆನೋವು ಶುರುವಾಗುತ್ತದೆ. ಅಷ್ಟರೊಳಗೆ ಅದು ಕೊಡುವ ಸುಳಿವುಗಳು ಸಣ್ಣವು: ಕೆಮ್ಮಿನ ಧಾಟಿ ಬದಲಾಗುವುದು, ಕಫದಲ್ಲಿ ರಕ್ತದ ಎಳೆ, ವಾರಗಟ್ಟಲೆ ಒಡೆದ ಧ್ವನಿ, ಕಾರಣವಿಲ್ಲದೆ ಸಡಿಲವಾದ ಅಂಗಿ. ಹಳೇ ಕೆಮ್ಮಿನೊಳಗೆ ಹೊಸ ಕೆಮ್ಮು ಅಡಗಿ ಕೂರುತ್ತದೆ. ನನಗೆ ಭಯ ಅದರದೇ.

ಜಿಲ್ಲಾಸ್ಪತ್ರೆಯ ಎದೆರೋಗ ವಿಭಾಗದ ಮುಂದೆ ಬೆಂಚಿನ ತುಂಬ ಜನ. ಹರಿಹರದಿಂದ ಬಂದ ಮಗನೊಬ್ಬ ಅಪ್ಪನ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಅರ್ಥವಾಗದಿದ್ದರೂ ದಿಟ್ಟಿಸುತ್ತಾನೆ. ಬಲಗಡೆ ಮೇಲೊಂದು ಬಿಳಿ ಕಲೆ. ನಮ್ಮಲ್ಲಿ ಇಂಥ ಕಲೆ ಕಂಡರೆ ಮೊದಲ ಅನುಮಾನ ಟಿಬಿ. ಎರಡು ವಾರ ಮೀರಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ, ಅದನ್ನು ಮಾಡಿಸಲೇಬೇಕು. ತೊಂದರೆಯಾಗುವುದು ಕಫದಲ್ಲಿ ಟಿಬಿ ಸಿಗದಿದ್ದರೂ ಕಲೆಯನ್ನಷ್ಟೇ ನಂಬಿ ಮಾತ್ರೆ ನುಂಗುತ್ತ ತಿಂಗಳುಗಳು ಕಳೆದಾಗ. ಕಲೆ ಕರಗದಿದ್ದರೆ ಸಿ.ಟಿ. ಸ್ಕ್ಯಾನ್, ಬೇಕಾದರೆ ಚೂರು ತೆಗೆದು ಬಯಾಪ್ಸಿ. ತಡಮಾಡದೆ ಕೇಳುವುದು ಮನೆಯವರ ಹಕ್ಕು.

ಗಡ್ಡೆ ಚಿಕ್ಕದಿದ್ದು ಬೇರೆಡೆ ಹರಡದಿದ್ದರೆ ಅದಿರುವ ಪಾಲನ್ನಷ್ಟೇ ಶಸ್ತ್ರಚಿಕಿತ್ಸೆಯಲ್ಲಿ ತೆಗೆಯಬಹುದು. ಬಲ ಶ್ವಾಸಕೋಶಕ್ಕೆ ಮೂರು ಪಾಲು, ಎಡಕ್ಕೆ ಎರಡು. ಒಂದು ಹೋದರೂ ಬದುಕಿ ದುಡಿಯುವವರಿದ್ದಾರೆ. ಅಮೆರಿಕದಲ್ಲಿ ಬಹಳ ವರ್ಷ ಸಿಗರೇಟು ಸೇದಿದ 53 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಕ್ಸ್‌ರೇ ಬದಲು ಕಡಿಮೆ ವಿಕಿರಣದ ಸಿ.ಟಿ. ಮಾಡಿಸಿದವರಲ್ಲಿ ಈ ಕ್ಯಾನ್ಸರಿನ ಸಾವು ಶೇ 20ರಷ್ಟು ಇಳಿಯಿತು. ನಮ್ಮ ಸರ್ಕಾರಿ ತಪಾಸಣೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರಿಗಷ್ಟೇ ಇದೆ. ಹಾಗಾಗಿ ಐವತ್ತು ದಾಟಿದ, ದಶಕಗಳಿಂದ ಬೀಡಿ ಸೇದಿದವರು ತಾವೇ ಎದೆತಜ್ಞರನ್ನು ಕಂಡು ಈ ಸ್ಕ್ಯಾನ್ ಬಗ್ಗೆ ಕೇಳಬೇಕು. ಬೀಡಿ ಬಿಡಲು ನೆರವು ಬೇಕೆಂದರೆ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಇನ್ನೊಂದು ಮಾತು. ಹಳೇ ಎಕ್ಸ್‌ರೇಗಳನ್ನು ಗುಜರಿಗೆ ಹಾಕಬೇಡಿ. ಐದು ವರ್ಷದ ಹಿಂದಿನ ಫಿಲ್ಮನ್ನು ಇಂದಿನದರ ಪಕ್ಕ ಇಟ್ಟರೆ, ಆ ಕಲೆ ಹಿಂದೆಂದೋ ವಾಸಿಯಾದ ಟಿಬಿಯ ಗುರುತೋ, ಈಚೆಗೆ ಬೆಳೆದದ್ದೋ ಎಂಬ ಸುಳಿವು ವೈದ್ಯರಿಗೆ ಎಷ್ಟೋ ಸಲ ಅಲ್ಲೇ ಸಿಗುತ್ತದೆ.