ಕೇಳಿ ಪಡೆಯುವ ಸ್ವಿಚ್‌ಗಳು

ಬೆಂಗಳೂರಿನ ಹೊರವಲಯದ ಒಂದು ಎಂಜಿನಿಯರಿಂಗ್ ಕಾಲೇಜು. ಆಡಳಿತ ಕಟ್ಟಡದ ನೆಲಮಹಡಿಯಲ್ಲಿ ಸರ್ವರ್ ಕೋಣೆ. ಬಾಗಿಲು ತೆರೆದರೆ ಎ.ಸಿ.ಯ ಚಳಿ, ಫ್ಯಾನುಗಳ ಮೊರೆತ, ಎದುರಿಗೆ ಆಳೆತ್ತರದ ರ್‍ಯಾಕ್‌ಗಳು. ನಡುವಿನ ಕೋರ್ ಸ್ವಿಚ್‌ನಿಂದ ಹಳದಿ ಫೈಬರ್ ಎಳೆಗಳು ಗ್ರಂಥಾಲಯಕ್ಕೆ, ಪ್ರಯೋಗಾಲಯಕ್ಕೆ, ಹಾಸ್ಟೆಲ್‌ಗೆ ಹೊರಡುತ್ತವೆ.

"ಪರೀಕ್ಷಾ ವಿಭಾಗದ್ದೂ, ವಿದ್ಯಾರ್ಥಿಗಳದ್ದೂ ಎಲ್ಲಾ ಇದೇ ಸ್ವಿಚ್ಚಲ್ಲೇ ಹೋಗುತ್ತೆ ಸರ್. ಆದ್ರೆ ಒಬ್ಬರದ್ದು ಇನ್ನೊಬ್ಬರಿಗೆ ಕಾಣಲ್ಲ" ಎಂದರು ಇಲ್ಲಿನ ನೆಟ್‌ವರ್ಕ್ ಎಂಜಿನಿಯರ್.

ಹಾಗೆ ಕಾಣದಂತೆ ಮಾಡುವುದು ವಿಲ್ಯಾನ್, ಅಂದರೆ ಒಂದೇ ಜಾಲವನ್ನು ಒಳಗೊಳಗೇ ಬೇರೆಬೇರೆ ಮಾಡುವ ವರ್ಚುವಲ್ ಲ್ಯಾನ್. 1998ರ 802.1ಕ್ಯೂ ಮಾನದಂಡದ ಪ್ರಕಾರ, ಟ್ರಂಕ್ ಮೇಲೆ, ಅಂದರೆ ಸ್ವಿಚ್‌ಗಳ ನಡುವಿನ ಕೊಂಡಿಯ ಮೇಲೆ, ಹೋಗುವ ಪ್ರತಿ ಫ್ರೇಮ್‌ಗೆ (ದತ್ತಾಂಶದ ತುಣುಕಿಗೆ) 4 ಬೈಟ್‌ಗಳ ಗುರುತು ಅಂಟುತ್ತದೆ. ಅದರಲ್ಲಿ 12 ಬಿಟ್‌ಗಳು ವಿಲ್ಯಾನ್ ಸಂಖ್ಯೆಗೆ ಮೀಸಲು. ಮೊದಲ ಮತ್ತು ಕೊನೆಯ ಸಂಖ್ಯೆಗಳನ್ನು ಬಿಟ್ಟರೆ ಬಳಸಲು ಸಿಗುವುದು 4094. ಕಷ್ಟವಿರುವುದು ಹಂಚಿಕೆಯಲ್ಲಿ. ಹೊಸ ವಿಲ್ಯಾನ್ ಬಂದಾಗ ದಾರಿಯಲ್ಲಿರುವ ಪ್ರತಿ ಸ್ವಿಚ್ಚಿನಲ್ಲೂ, ಪ್ರತಿ ಟ್ರಂಕ್‌ನ ಎರಡೂ ತುದಿಯಲ್ಲೂ ಅದನ್ನು ಸೇರಿಸಬೇಕು. ಒಂದು ಪೋರ್ಟ್ ಮರೆತರೂ ಸಂಪರ್ಕವಿಲ್ಲ.

ಸಿಸ್ಕೊ ಕಂಪನಿ ಇದಕ್ಕೆ ಕಂಡುಕೊಂಡ ಉಪಾಯ ವಿಟಿಪಿ. ಸರ್ವರ್ ಪಾತ್ರದ ಸ್ವಿಚ್ಚಿನಲ್ಲಿ ಪಟ್ಟಿ ಬದಲಾದರೆ ಅದು ಡಂಗುರ ಸಾರಿದ ಹಾಗೆ ಎಲ್ಲ ಸ್ವಿಚ್‌ಗಳಿಗೂ ಮುಟ್ಟುತ್ತದೆ. ಯಾರ ಪರಿಷ್ಕರಣೆ ಸಂಖ್ಯೆ ದೊಡ್ಡದೋ ಅವರ ಪಟ್ಟಿಯೇ ಅಂತಿಮ. ಅಪಾಯವೂ ಅಲ್ಲೇ. ಬೇರೆಡೆ ಬಳಸಿದ ಹಳೆಯ ಸ್ವಿಚ್ಚೊಂದು ಅದೇ ಡೊಮೇನ್ ಹೆಸರು, ಅದೇ ಪಾಸ್‌ವರ್ಡ್ ಮತ್ತು ಇನ್ನೂ ದೊಡ್ಡ ಸಂಖ್ಯೆ ಹೊತ್ತು ಬಂದು ಸೇರಿದರೆ, ಇಡೀ ಆವರಣದ ಪಟ್ಟಿ ಅಳಿಸಿಹೋಗಿ ಅದರದ್ದೇ ಪಟ್ಟಿ ಕೂರಬಹುದು. ಮೂರನೇ ಆವೃತ್ತಿಯಲ್ಲಿ ಪ್ರೈಮರಿ ಸರ್ವರ್ ಎಂಬ ಕಟ್ಟುಪಾಡು ಸೇರಿದ್ದು ಇಂಥ ಅನಾಹುತ ತಡೆಯಲು. ಈ ಆವರಣದಲ್ಲಿ ಬೇರೆಬೇರೆ ಕಂಪನಿಗಳ ಸ್ವಿಚ್‌ಗಳಿವೆ. ಹಾಗಾಗಿ ಇಲ್ಲಿರುವುದು ಎಲ್ಲರಿಗೂ ಸಲ್ಲುವ ಎಂವಿಆರ್‌ಪಿ. ಅದು 2007ರ 802.1ಎಕೆ ತಿದ್ದುಪಡಿಯಲ್ಲಿ, ಹಳೆಯ ಜಿವಿಆರ್‌ಪಿಯ ಜಾಗಕ್ಕೆ ಬಂದದ್ದು.

ಅದರ ಕೆಲಸ ನೋಡಲು ಗ್ರಂಥಾಲಯಕ್ಕೆ ನಡೆದೆವು. ಮೇಲಿನ ಮಹಡಿಯ ಹಾಲ್‌ನಲ್ಲಿ ಮೌಲ್ಯಮಾಪನ ನಡೆಯಲಿದೆ. ಅಂಕ ತುಂಬುವ ಕಂಪ್ಯೂಟರ್‌ಗಳು ಪರೀಕ್ಷಾ ವಿಭಾಗದ 30ನೇ ವಿಲ್ಯಾನ್‌ಗೆ ಸೇರಬೇಕು. ಮೆಟ್ಟಿಲ ಕೆಳಗಿನ ಪುಟ್ಟ ರ್‍ಯಾಕ್ ತೆರೆದು, ಎಂಜಿನಿಯರ್ ಆ ಹಾಲ್‌ನ ಪೋರ್ಟ್‌ಗಳನ್ನಷ್ಟೇ 30ಕ್ಕೆ ಹಾಕಿದರು. ಟ್ರಂಕ್ ಮುಟ್ಟಲಿಲ್ಲ. ಮರುಕ್ಷಣ ಗ್ರಂಥಾಲಯದ ಸ್ವಿಚ್ "ನನಗೆ 30 ಬೇಕು" ಎಂದು ಕೋರ್‌ಗೆ ಸಾರುತ್ತದೆ. ಆ ಮಾತು ಬಂದ ಪೋರ್ಟ್‌ನಲ್ಲಿ ಕೋರ್ 30ನ್ನು ದಾಖಲಿಸಿಕೊಂಡು, ಉಳಿದ ಟ್ರಂಕ್‌ಗಳಿಗೂ ಸುದ್ದಿ ದಾಟಿಸುತ್ತದೆ.

ಇದರ ಒಂದು ಸೂಕ್ಷ್ಮ ನನಗೆ ಬಹಳ ಹಿಡಿಸಿತು. ಒಬ್ಬರು ಕೇಳಿದರೆ ತೆರೆಯುವುದು ಅವರ ಕಡೆಗಿನ ದಾರಿ ಮಾತ್ರ. ಅಂಕಗಳ ಸರ್ವರ್ ಇರುವ ಪರೀಕ್ಷಾ ವಿಭಾಗದ ಸ್ವಿಚ್ಚೂ 30ನ್ನು ಕೇಳಿದ್ದರಿಂದಲೇ ಇಲ್ಲಿ ಮಾತು ಎರಡೂ ಕಡೆ ಹರಿಯಿತು. ಹಾಸ್ಟೆಲ್ ಸ್ವಿಚ್‌ಗೆ ಸುದ್ದಿ ಮುಟ್ಟಿದರೂ ಅದು ಕೇಳಲಿಲ್ಲ; ಆ ಫೈಬರ್‌ಗೆ 30ರ ಒಂದು ಫ್ರೇಮ್ ಕೂಡ ಹೋಗದು. ಮೇಲಿನಿಂದ ಎಲ್ಲರ ಮೇಲೂ ಒಂದೇ ಪಟ್ಟಿ ಹೇರುವುದಕ್ಕಿಂತ, ಬಳಕೆಯಿರುವ ತುದಿಯೇ ಬೇಡಿಕೆ ಇಡುವ ಈ ಕ್ರಮ ನನಗೆ ಹೆಚ್ಚು ಸರಿ ಎನಿಸುತ್ತದೆ. ಮಿತವ್ಯಯವೂ ಇದೆ. ಮೂರು ವಿಲ್ಯಾನ್‌ಗಳ ಸ್ಥಿತಿಯನ್ನು ಒಂದೇ ಬೈಟಿನಲ್ಲಿ ಅಡಕ ಮಾಡುವುದರಿಂದ 4094ರ ಸುದ್ದಿಯೂ ಒಂದೇ ಫ್ರೇಮ್‌ನಲ್ಲಿ ಹಿಡಿಸುತ್ತದೆ. ಜಿವಿಆರ್‌ಪಿಗೆ ಇದಕ್ಕೆ ಹಲವು ಫ್ರೇಮ್‌ಗಳು ಬೇಕಿದ್ದವು.

ಆದರೆ ಎಂವಿಆರ್‌ಪಿ ಒಯ್ಯುವುದು ಸಂಖ್ಯೆಯನ್ನು, ಹೆಸರನ್ನಲ್ಲ. 30 ಎಂದರೆ ಪರೀಕ್ಷಾ ವಿಭಾಗ ಎಂಬುದು ಕೋರ್ ಸ್ವಿಚ್‌ಗೆ ತಿಳಿಯದು. ಅದಕ್ಕೇ ಇಲ್ಲಿ ಪ್ರತಿ ರ್‍ಯಾಕ್ ಬಾಗಿಲ ಒಳಗೆ ಸಂಖ್ಯೆ, ಹೆಸರು, ಹೊಣೆಗಾರರ ಪಟ್ಟಿಯ ಹಾಳೆಯೊಂದು ಅಂಟಿಸಿದೆ. ಅಚ್ಚುಕಟ್ಟಾದ ಅಭ್ಯಾಸ, ಎಲ್ಲ ಆವರಣಗಳಲ್ಲೂ ಇರಬೇಕಾದದ್ದು.

ಕೊನೆಗೆ ಹಾಸ್ಟೆಲ್. ಕಾರಿಡಾರ್ ಕೊನೆಯ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಸ್ವಿಚ್ ಇದೆ. ಕೇಳಿದವರಿಗೆಲ್ಲ ಸಿಗುವುದಾದರೆ, ಕೋಣೆಯ ಲ್ಯಾಪ್‌ಟಾಪ್ ಒಂದು 30 ಬೇಕೆಂದರೆ? ಕೇಳಿದೆ.

"ಅದಕ್ಕೇ ರೂಮ್ ಪೋರ್ಟ್‌ಗಳಲ್ಲಿ ಎಂವಿಆರ್‌ಪಿ ಆಫ್ ಮಾಡಿದೀವಿ ಸರ್. ಟ್ರಂಕ್‌ಗಳಲ್ಲಿ ಮಾತ್ರ ಆನ್. ಜೊತೆಗೆ ಕೋರ್‌ನಲ್ಲಿ ಹಾಸ್ಟೆಲ್ ಕಡೆ ಪೋರ್ಟ್‌ಗೆ 30 ಫರ್ಬಿಡನ್ ಅಂತ ಹಾಕಿದೀವಿ. ಯಾರು ಕೇಳಿದ್ರೂ ದಾಖಲಾಗಲ್ಲ" ಎಂದು ಪರದೆಯ ಮೇಲೆ ಆ ಸಾಲನ್ನು ತೋರಿಸಿದರು.