ಚಮಚದ ಮೇಲಿನ ನಿಂಬೆಹಣ್ಣು

ಶಾಲೆಯ ಕ್ರೀಡಾದಿನದಲ್ಲಿ ಚಮಚವನ್ನು ಹಲ್ಲಲ್ಲಿ ಕಚ್ಚಿ, ಅದರ ಮೇಲೆ ನಿಂಬೆಹಣ್ಣು ಇಟ್ಟುಕೊಂಡು ಓಡಿದವರಿಗೆ ಹೆಗಲಿನ ರಚನೆ ಅರ್ಧ ಗೊತ್ತಿದ್ದ ಹಾಗೇ. ತೋಳಿನ ಮೂಳೆಯ ಮೇಲ್ತುದಿಯ ಗುಂಡು ಆ ನಿಂಬೆಹಣ್ಣು. ಬೆನ್ನ ಮೇಲಿನ ರೆಕ್ಕೆಮೂಳೆಯ ಅಂಚಿನಲ್ಲಿ, ಬಟ್ಟಲು ಎಂದು ಕರೆಯಲು ಸಂಕೋಚವಾಗುವಷ್ಟು ಆಳವಿಲ್ಲದ ತಗ್ಗೊಂದಿದೆ, ಅದೇ ಚಮಚ. ಯಾವ ಗಳಿಗೆಯಲ್ಲಿ ನೋಡಿದರೂ ಗುಂಡಿನ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ ಮಾತ್ರ ತಗ್ಗಿಗೆ ತಾಗಿರುತ್ತದೆ. ಸೊಂಟದ ಕೀಲು ಹೀಗಲ್ಲ. ಅಲ್ಲಿ ತೊಡೆಮೂಳೆಯ ತಲೆ ಒರಳಿನಲ್ಲಿ ಗುಂಡುಕಲ್ಲು ಕೂತ ಹಾಗೆ ಕೂತಿದೆ, ಜಗ್ಗಿದರೂ ಕದಲುವುದಿಲ್ಲ. ಆದರೆ ಕಾಲನ್ನು ಕಿವಿಯ ಪಕ್ಕಕ್ಕೆ ಎತ್ತುವುದು ಯೋಗಪಟುಗಳಿಗೆ ಬಿಟ್ಟ ಮಾತು. ಕೈಯನ್ನಾದರೆ ಯಾರು ಬೇಕಾದರೂ ಎತ್ತುತ್ತಾರೆ, ಬೆನ್ನ ಹಿಂದೆ ಒಯ್ದು ರವಿಕೆಯ ಹುಕ್ಕು ಹಾಕಿಕೊಳ್ಳುತ್ತಾರೆ, ಜಡೆ ಹೆಣೆದುಕೊಳ್ಳುತ್ತಾರೆ. ದೇಹದ ಬೇರೆ ಯಾವ ಕೀಲಿಗೂ ಇಷ್ಟು ಸ್ವಾತಂತ್ರ್ಯವಿಲ್ಲ. ಬೇರೆ ಯಾವ ದೊಡ್ಡ ಕೀಲೂ ಇಷ್ಟು ಸಲ ಜಾರುವುದಿಲ್ಲ ಕೂಡ.

ಚಮಚ ಒಂದೇ ಕಡೆ ನಿಂತಿರುವುದೂ ಇಲ್ಲ. ಮನೆಯಲ್ಲಿ ಯಾರದಾದರೂ ರೆಕ್ಕೆಮೂಳೆಯ ಮೇಲೆ ಅಂಗೈ ಇಟ್ಟು, ಕೈಯನ್ನು ಪಕ್ಕದಿಂದ ಮೇಲಕ್ಕೆತ್ತಲು ಹೇಳಿ. ಮೊದಮೊದಲು ಮೂಳೆ ಸುಮ್ಮನಿರುತ್ತದೆ. ಆಮೇಲೆ ಮೆಲ್ಲಗೆ ಹೊರಗೆ ಜಾರಿ, ಮೇಲ್ಮುಖವಾಗಿ ವಾಲುತ್ತದೆ. ಕೈ ಪೂರ್ತಿ ಮೇಲೇಳುವ 180 ಡಿಗ್ರಿಯಲ್ಲಿ ಸುಮಾರು 120 ಡಿಗ್ರಿ ಗುಂಡಿನದು, 60 ಡಿಗ್ರಿ ರೆಕ್ಕೆಮೂಳೆಯದು. ಈ ಎರಡಕ್ಕೊಂದರ ತಾಳವನ್ನು 1944ರಲ್ಲಿ ಅಮೆರಿಕದ ವರ್ನ್ ಇನ್‌ಮನ್ ಮತ್ತು ಸಂಗಡಿಗರು ಅಳೆದು ಬರೆದರು. ನಿಂಬೆಹಣ್ಣು ವಾಲಿದತ್ತ ಚಮಚವನ್ನೂ ವಾಲಿಸುತ್ತಾ ಓಡುವ ಹುಡುಗಿಯ ಉಪಾಯವೇ ಇದು. ಇಡೀ ತೋಳು ಮುಂಡಕ್ಕೆ ಮೂಳೆಯಿಂದ ಮೂಳೆಗೆ ಸೇರಿರುವುದು ಒಂದೇ ಒಂದು ಕಡೆ, ಗಂಟಲ ಗುಳಿಯ ಪಕ್ಕದಲ್ಲಿ ಕೊರಳೆಲುಬು ಎದೆಮೂಳೆಗೆ ತಾಗುವಲ್ಲಿ. ಉಳಿದದ್ದೆಲ್ಲ ಮಾಂಸಖಂಡಗಳ ಜೋಲಿ.

ಹಾಗಾದರೆ ಹಣ್ಣು ಬೀಳದಂತೆ ಹಿಡಿದಿರುವವರು ಯಾರು? ಕನ್ನಡಿಯಲ್ಲಿ ಕಾಣುವ, ಜಿಮ್‌ನಲ್ಲಿ ಬೆಳೆಸಿಕೊಳ್ಳುವ ದಪ್ಪ ಡೆಲ್ಟಾಯ್ಡ್ ಅಲ್ಲ. ಅದು ಎತ್ತುವ ಎತ್ತು ಅಷ್ಟೆ. ಹಿಡಿದಿರುವುದು ಅದರಡಿ ಅಡಗಿರುವ ನಾಲ್ಕು ಸಣ್ಣ ಸ್ನಾಯುಗಳು. ಒಂದು ಮುಂದಿನಿಂದ, ಒಂದು ಮೇಲಿನಿಂದ, ಎರಡು ಹಿಂದಿನಿಂದ ಬಂದು, ತಮ್ಮ ಸ್ನಾಯುರಜ್ಜುಗಳನ್ನು ಅಂಗಿತೋಳಿನ ಪಟ್ಟಿಯಂತೆ ಗುಂಡಿನ ಸುತ್ತ ಹೊದಿಸುತ್ತವೆ. ಇದಕ್ಕೆ ರೊಟೇಟರ್ ಕಫ್ ಎಂದು ಹೆಸರು. ಡೆಲ್ಟಾಯ್ಡ್ ಕೈ ಎತ್ತಲು ಎಳೆದಾಗ ಗುಂಡೂ ಮೇಲಕ್ಕೆ ಚಿಮ್ಮಿ ಹೆಗಲಿನ ಮೂಳೆಸೂರಿಗೆ ಬಡಿಯಬೇಕು. ಹಾಗಾಗದಂತೆ ಈ ನಾಲ್ವರು ಅದನ್ನು ತಗ್ಗಿಗೆ ಒತ್ತಿ ಹಿಡಿಯುತ್ತಾರೆ. ಪಾಪ, ಎಲ್ಲರಿಗಿಂತ ಮೇಲಿರುವ ಸುಪ್ರಾಸ್ಪೈನೇಟಸ್‌ನ ಹಗ್ಗ ಹಾದುಹೋಗುವುದು ಸೂರಿಗೂ ಗುಂಡಿಗೂ ನಡುವಿನ ಸುಮಾರು ಒಂದು ಸೆಂಟಿಮೀಟರ್ ಸಂದಿಯಲ್ಲಿ. ಹೆಗಲಲ್ಲಿ ಏನಾದರೂ ಹರಿದಿದೆ ಎಂದರೆ ಬಹುಪಾಲು ಇದೇ ಹಗ್ಗ.

ಹೆಗಲಿನ ಮೇಲಿನ ಹೊರೆಯನ್ನು ಲೆಕ್ಕ ಹಾಕಿಯೇ ನೋಡೋಣ. 60 ಕಿಲೋ ತೂಕದವರ ಒಂದು ತೋಳು ಸುಮಾರು 3 ಕಿಲೋ. ಕೈ ನೀಟಾಗಿ ಚಾಚಿದಾಗ ಅದರ ತೂಕದ ಕೇಂದ್ರ ಕೀಲಿನಿಂದ 30 ಸೆಂಟಿಮೀಟರ್ ಆಚೆ ಇರುತ್ತದೆ. ಎತ್ತುವ ಸ್ನಾಯುಗಳಿಗೆ ಸಿಗುವ ಸನ್ನೆಗೋಲು ಬರೀ 3 ಸೆಂಟಿಮೀಟರ್. ಅಂದರೆ ಬರಿಗೈಯನ್ನು ಚಾಚಿ ನಿಲ್ಲಿಸಲು ಸ್ನಾಯುಗಳು 30 ಕಿಲೋದಷ್ಟು ಎಳೆಯಬೇಕು. ಕೈಯಲ್ಲಿ ಒಂದು ಕಿಲೋ ಬೆಲ್ಲದ ಡಬ್ಬಿ ಇದ್ದರೆ ಇನ್ನೂ 20 ಕಿಲೋ ಸೇರಿಸಿ. ಅಂಗಳದಿಂದ ಕೊಡ ಹೊತ್ತು ತಂದಾಗ ನೋಯದ ಹೆಗಲು ಅಟ್ಟದ ಮೇಲಿಂದ ಸಣ್ಣ ಡಬ್ಬಿ ಇಳಿಸುವಾಗ ‘ಕಟ್’ ಎನ್ನುವುದು ಇದಕ್ಕೆ. ಕೊಡ ಸೊಂಟಕ್ಕೆ ಒತ್ತಿಕೊಂಡಿತ್ತು, ಡಬ್ಬಿ ತೋಳಿನ ತುದಿಯಲ್ಲಿತ್ತು.

ಇಷ್ಟು ಸಡಿಲ ಕೀಲು ನಮಗೆ ಬಂದದ್ದಾದರೂ ಏಕೆ? ಕೊಂಬೆಗೆ ಜೋತಾಡಿದ ಹಿರಿಯರ ಬಳುವಳಿ ಎನ್ನುವುದು ಅರ್ಧ ಉತ್ತರ. ಇನ್ನರ್ಧ, ಕಲ್ಲೆಸೆತ. 2013ರಲ್ಲಿ ನೀಲ್ ರೋಚ್ ಮತ್ತು ಜೊತೆಗಾರರು ‘ನೇಚರ್’ ಪತ್ರಿಕೆಯಲ್ಲಿ ವಾದಿಸಿದ ಪ್ರಕಾರ, ತೋಳನ್ನು ಹಿಂದಕ್ಕೆ ಬಾಗಿಸಿದಾಗ ಹೆಗಲಿನ ಸುತ್ತಲ ರಜ್ಜುಗಳು ಕವಣೆಯ ರಬ್ಬರಿನಂತೆ ಹಿಗ್ಗಿ ಶಕ್ತಿ ತುಂಬಿಕೊಳ್ಳುತ್ತವೆ, ಬಿಟ್ಟೊಡನೆ ಚಿಮ್ಮುತ್ತವೆ. ಈ ಏರ್ಪಾಡು ಸುಮಾರು 20 ಲಕ್ಷ ವರ್ಷಗಳ ಹಿಂದೆ ಹೋಮೋ ಇರೆಕ್ಟಸ್‌ನಲ್ಲಿ ಪೂರ್ತಿಗೊಂಡಿತು. ಚಿಂಪಾಂಜಿ ನಮಗಿಂತ ಬಲಶಾಲಿ, ಆದರೆ ಎಸೆತದಲ್ಲಿ ಶಾಲಾ ಹುಡುಗನ ಮುಂದೂ ನಿಲ್ಲದು. ಬೇಸ್‌ಬಾಲ್ ಎಸೆಯುವವನ ತೋಳು ಆ ಕ್ಷಣದಲ್ಲಿ ಸೆಕೆಂಡಿಗೆ 9,000 ಡಿಗ್ರಿ ವೇಗದಲ್ಲಿ ತಿರುಗಬಲ್ಲದು. ಹಾಗೇ ಮುಂದುವರಿದರೆ ಸೆಕೆಂಡಿಗೆ 25 ಸುತ್ತು! ಬೇಟೆಗೆ ದಿನಕ್ಕೆ ನಾಲ್ಕಾರು ಸಲ ಎಸೆದಿದ್ದರೆ ಸಾಕಾಗಿದ್ದೀತು. ನೆಟ್ಸ್‌ನಲ್ಲಿ ದಿನಕ್ಕೆ ನೂರಾರು ಎಸೆತ ಹಾಕಿಸುವ ಕೋಚುಗಳು ಆಗ ಇರಲಿಲ್ಲ.

2001ರ ಮಾರ್ಚ್ ನೆನಪಿದೆಯಲ್ಲ? ಈಡನ್ ಗಾರ್ಡನ್ಸ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಲಕ್ಷ್ಮಣ್ 281, ದ್ರಾವಿಡ್ 180, ಸರಣಿಯಲ್ಲಿ ಹರ್ಭಜನ್‌ಗೆ 32 ವಿಕೆಟ್. ಆ ಸರಣಿಯಲ್ಲಿ ಅನಿಲ್ ಕುಂಬ್ಳೆ ಇರಲಿಲ್ಲ. ಬೌಲಿಂಗ್ ಭುಜಕ್ಕೆ ಆಗಷ್ಟೇ ಶಸ್ತ್ರಚಿಕಿತ್ಸೆ ಆಗಿತ್ತು. ಲೆಗ್‌ಸ್ಪಿನ್ನರನ ಹೆಗಲು ಕೆಟ್ಟ ಮೇಲೆ ಇನ್ನೇನು ಎಂದು ಹೇಳಿದವರಿಗೇನೂ ಕೊರತೆಯಿರಲಿಲ್ಲ. ಅವರು ಟೆಸ್ಟ್‌ಗೆ ಮರಳಿದ್ದು ಆ ವರ್ಷದ ಕೊನೆಗೆ. ಒಟ್ಟು 619 ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಶಸ್ತ್ರಚಿಕಿತ್ಸೆಯ ನಂತರ.

ನಾವು ಆ ಅಂಕಿಯನ್ನು ಹೇಳುತ್ತೇವೆ, ನಡುವಿನ ತಿಂಗಳುಗಳನ್ನು ಮರೆಯುತ್ತೇವೆ. ಹೆಗಲಿನ ಚಿಕಿತ್ಸೆಯ ಕಥೆ ಇರುವುದೇ ಅಲ್ಲಿ. ಹರಿದ ಕಫ್ ಅನ್ನು ಹೊಲಿಯಲು ಇವತ್ತು ಹೆಗಲನ್ನು ಅಗಲವಾಗಿ ತೆರೆಯಬೇಕಾಗಿಲ್ಲ. ಎರಡು ಮೂರು ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ, ಸಲಕರಣೆ ಇಳಿಸಿ, ಮೂಳೆಗೆ ಪುಟ್ಟ ಮೊಳೆ ಹೊಡೆದು, ಅದರ ದಾರದಿಂದ ರಜ್ಜುವನ್ನು ಬಿಗಿಯುತ್ತಾರೆ. ಗಂಟೆ ಎರಡು ಗಂಟೆಯ ಕೆಲಸ. ದಾರ ಮಾಡುವುದು ರಜ್ಜುವನ್ನು ಮೂಳೆಗೆ ಒತ್ತಿ ಹಿಡಿಯುವುದನ್ನಷ್ಟೇ. ಅಂಟುವ ಕೆಲಸ ದೇಹದ್ದು, ಅದಕ್ಕೆ ಅವಸರವಿಲ್ಲ. ಮೊದಲ ನಾಲ್ಕರಿಂದ ಆರು ವಾರ ಕೈ ಜೋಲಿಯಲ್ಲಿ. ಆಗ ಬೇರೆಯವರು ಕೈಯನ್ನು ಆಡಿಸಬಹುದು, ನೀವಾಗಿ ಎತ್ತುವಂತಿಲ್ಲ. ಆಮೇಲೆ ಬರಿಗೈ ಎತ್ತುವ ಅಭ್ಯಾಸ. ತೂಕ ಹಿಡಿದು ಬಲ ತುಂಬುವುದು ಸಾಮಾನ್ಯವಾಗಿ ಮೂರು ತಿಂಗಳ ನಂತರ. ಭಾರದ ಕೆಲಸಕ್ಕೋ ಆಟಕ್ಕೋ ಮರಳಲು ಆರು ತಿಂಗಳು, ಕೆಲವರಿಗೆ ವರ್ಷ. ಕೆಡುವುದು ಬಹಳ ಸಲ ಎರಡನೇ ತಿಂಗಳಲ್ಲಿ: ನೋವು ಇಳಿದಿರುತ್ತದೆ, ಹೊಲಿಗೆಯ ಗಾಯ ಮಾಸಿರುತ್ತದೆ, ‘ವಾಸಿಯಾಯ್ತು’ ಎಂದು ಬಕೆಟ್ ಎತ್ತಿಬಿಡುತ್ತಾರೆ. ಒಳಗೆ ರಜ್ಜು ಇನ್ನೂ ಹಸಿ. ಅದು ಕೂಡಿದರೂ ಹುಟ್ಟಿನ ನೇಯ್ಗೆ ಮರಳುವುದಿಲ್ಲ. ಕೂಡಿಸುವುದು ಗಾಯದ ಕಲೆಯ ಅಂಗಾಂಶ. ದೊಡ್ಡದಾಗಿ ಹರಿದದ್ದು ಹೊಲಿದ ಮೇಲೂ ಮತ್ತೆ ಬಿಡುವುದು ಅಪರೂಪವೇನಲ್ಲ. ಬೀಡಿ ಸಿಗರೇಟು, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಎರಡೂ ಕೂಡಿಕೆಯನ್ನು ಹಾಳುಮಾಡುತ್ತವೆ.

ಫಿಸಿಯೋಥೆರಪಿಯ ಮೊದಲ ಪಾಠವಾಗಿ ಬಗ್ಗಿ ನಿಂತು, ಕೈಯನ್ನು ಗಡಿಯಾರದ ಲೋಲಕದಂತೆ ಇಳಿಬಿಟ್ಟು ತೂಗಲು ಹೇಳುತ್ತಾರಲ್ಲ, ಅದು ಬಾಸ್ಟನ್ನಿನ ಅರ್ನೆಸ್ಟ್ ಕಾಡ್ಮನ್ ಹೆಸರಿನದು. ಹರಿದ ಸುಪ್ರಾಸ್ಪೈನೇಟಸ್ ಹೊಲಿದ ಬಗ್ಗೆ 1911ರಲ್ಲೇ ಬರೆದ ಮನುಷ್ಯ. ವಿಚಿತ್ರ ಹಟವಾದಿ. ಪ್ರತಿ ರೋಗಿ ವರ್ಷದ ನಂತರ ಹೇಗಿದ್ದಾನೆ ಎಂದು ನೋಡಿ ಬರೆದಿಡಬೇಕು, ಆಸ್ಪತ್ರೆಗಳು ಅದನ್ನು ಬಹಿರಂಗಪಡಿಸಬೇಕು ಎಂದು ಹಟ ಹಿಡಿದು ಸಹೋದ್ಯೋಗಿಗಳ ವೈರ ಕಟ್ಟಿಕೊಂಡ. ಮಿಕ್ಕ ಅಂಗಗಳ ವೈದ್ಯನಿಗೆ ಈ ಹಟ ಬರುತ್ತಿತ್ತೋ ಇಲ್ಲವೋ, ಹೆಗಲಿನ ವೈದ್ಯನಿಗೆ ಬಂದದ್ದು ಸಹಜವೆನಿಸುತ್ತದೆ.

‘ಫ್ರೋಜನ್ ಶೋಲ್ಡರ್’ ಎಂಬ ಮಾತೂ 1934ರ ಅವನ ಪುಸ್ತಕದ್ದೇ. ನಲವತ್ತರಿಂದ ಅರವತ್ತರ ಒಳಗೆ, ಹೆಂಗಸರಲ್ಲಿ ಹೆಚ್ಚಾಗಿ, ಸಕ್ಕರೆ ಕಾಯಿಲೆಯವರಲ್ಲಂತೂ ಹಲವು ಪಟ್ಟು ಹೆಚ್ಚಾಗಿ, ಕೀಲಿನ ಚೀಲವೇ ಕುಗ್ಗಿ ಸೆಟೆದುಕೊಳ್ಳುವ ಕಾಯಿಲೆ. ‘ಬೆನ್ನ ಹಿಂದೆ ಕೈ ಹೋಗ್ತಿಲ್ಲ’ ಎನ್ನುವುದು ಮೊದಲ ದೂರು. ರಾತ್ರಿ ಆ ಮಗ್ಗುಲಿಗೆ ಮಲಗಲಾಗದ ನೋವು ಎರಡನೆಯದು. ಇಲ್ಲಿ ಏನೂ ಹರಿದಿರುವುದಿಲ್ಲ. ಬಹುತೇಕರಿಗೆ ಒಂದರಿಂದ ಮೂರು ವರ್ಷದಲ್ಲಿ, ಚಾಕು ಮುಟ್ಟದೆ, ಸಡಿಲವಾಗುತ್ತದೆ. ನೋವೆಂದು ಕೈಯನ್ನು ಎದೆಗೆ ಕಟ್ಟಿಕೊಂಡು ಕೂತವರಿಗೆ ಮಾತ್ರ ತಡ.

ಚಾಕುವಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಹೆಗಲ ಸೂರಿನ ಮೂಳೆ ಕೆಳಗಿನ ರಜ್ಜುವನ್ನು ಉಜ್ಜುತ್ತದೆ ಎಂದು 1972ರಲ್ಲಿ ಚಾರ್ಲ್ಸ್ ನೀರ್ ಬರೆದ ಮೇಲೆ, ಆ ಮೂಳೆಯನ್ನು ಕೆರೆದು ತೆಳುಮಾಡುವ ಶಸ್ತ್ರಚಿಕಿತ್ಸೆ ಜಗತ್ತಿನಾದ್ಯಂತ ಹಬ್ಬಿತು. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಪ್ರಯೋಗ, ಫಿನ್ಲೆಂಡಿನ ಇನ್ನೊಂದು ಪ್ರಯೋಗ ಇಂಥ ನೋವಿನ ರೋಗಿಗಳಲ್ಲಿ ಕೆಲವರಿಗೆ ಮೂಳೆ ಕೆರೆದವು, ಕೆಲವರಿಗೆ ಬರೀ ಕ್ಯಾಮೆರಾ ಇಳಿಸಿ ನೋಡಿ ಮುಚ್ಚಿದವು. ನೋವು ಇಳಿದದ್ದರಲ್ಲಿ ಲೆಕ್ಕಕ್ಕೆ ಬರುವಂಥ ವ್ಯತ್ಯಾಸವಿರಲಿಲ್ಲ. ಎಂಆರ್‌ಐ ವರದಿ ಹಿಡಿದು ಹೆದರುವವರಿಗೆ ಇನ್ನೊಂದು ವಿಷಯ: ಹೆಗಲು ನೋವೇ ಇಲ್ಲದವರನ್ನು ಸ್ಕ್ಯಾನ್ ಮಾಡಿ ನೋಡಿದ 1995ರ ಅಧ್ಯಯನದಲ್ಲಿ, 60 ದಾಟಿದವರ ಪೈಕಿ ಅರ್ಧಕ್ಕೂ ಹೆಚ್ಚು ಮಂದಿಗೆ ಕಫ್ ಒಂದಿಷ್ಟಾದರೂ ಹರಿದಿತ್ತು. ತಲೆಗೂದಲು ನರೆಯುವ ಹಾಗೆ ಹೆಗಲ ಹಗ್ಗವೂ ಸವೆಯುತ್ತದೆ. ಬಿದ್ದು ಪೆಟ್ಟಾದ ತಕ್ಷಣ ಕೈ ಎತ್ತಲಾಗದಿದ್ದರೆ ಅದು ಬೇರೆ ಸಂಗತಿ, ಅದಕ್ಕೆ ತಡಮಾಡುವಂತಿಲ್ಲ. ಕಬಡ್ಡಿಯಲ್ಲಿ ಜಾರಿದ ಭುಜವನ್ನು ಅಂಗಳದಲ್ಲೇ ಜಗ್ಗಿ ಕೂರಿಸುವ ಧೈರ್ಯವಂತರು ಪ್ರತಿ ಊರಲ್ಲಿದ್ದಾರೆ. ಅವರ ಕೈಗೆ ಮಾತ್ರ ಕೊಡಬೇಡಿ. ಗುಂಡಿನ ಕೆಳಗೇ ಒಂದು ನರ ಸುತ್ತಿಕೊಂಡು ಹೋಗುತ್ತದೆ, ಮೂಳೆಯೂ ಮುರಿದಿರಬಹುದು, ಮೊದಲು ಎಕ್ಸ್‌ರೇ.

ತಡೆಯುವುದು ಹೇಗೆ ಎನ್ನುವುದಕ್ಕೆ ನಾರ್ವೆಯವರು ಒಂದು ಅಚ್ಚುಕಟ್ಟಾದ ಪ್ರಯೋಗ ಮಾಡಿದ್ದಾರೆ. 45 ಹ್ಯಾಂಡ್‌ಬಾಲ್ ತಂಡಗಳು, 660 ಆಟಗಾರರು. ಅರ್ಧ ತಂಡಗಳಿಗೆ ವಾರಕ್ಕೆ ಮೂರು ಸಲ, ವಾರ್ಮ್‌ಅಪ್‌ನಲ್ಲೇ ಹತ್ತು ನಿಮಿಷದ ಕಸರತ್ತು: ಹಿಂದಿನ ಸಣ್ಣ ಸ್ನಾಯುಗಳಿಗೆ ರಬ್ಬರ್ ಪಟ್ಟಿಯ ಎಳೆತ, ರೆಕ್ಕೆಮೂಳೆ ಹಿಡಿಯುವ ಸ್ನಾಯುಗಳಿಗೆ ಬಲ, ಬೆನ್ನಿಗೆ ತಿರುಚು. 2016ರಲ್ಲಿ ಫಲಿತಾಂಶ ಬಂದಾಗ ಅವರಲ್ಲಿ ಹೆಗಲ ತೊಂದರೆಯ ಅಪಾಯ ಶೇಕಡಾ 28 ಕಡಿಮೆ.

ನಮ್ಮಲ್ಲಿ ಹ್ಯಾಂಡ್‌ಬಾಲ್ ಆಡುವವರು ಕಡಿಮೆ, ದೋಟಿ ಹಿಡಿಯುವವರು ಹೆಚ್ಚು. ಮಲೆನಾಡಿನ ಅಡಿಕೆ ತೋಟಗಳಲ್ಲಿ ಮರ ಹತ್ತುವವರು ಸಿಗದೆ ಕಾರ್ಬನ್ ಫೈಬರ್ ದೋಟಿ ಬಂದಿದೆ. ಮರದಿಂದ ಬೀಳುವ ಭಯ ಹೋಯಿತು, ಒಳ್ಳೆಯದೇ. ಆದರೆ ಕತ್ತು ಮೇಲೆತ್ತಿ, ಎರಡೂ ಕೈ ತಲೆಯ ಮೇಲೆ ಹಿಡಿದು ದಿನವಿಡೀ ನಿಲ್ಲುವವರ ಹೆಗಲಿಗೆ ಆ ಸೆಂಟಿಮೀಟರ್ ಸಂದಿ ದಿನವಿಡೀ ಕಿರಿದಾಗಿಯೇ ಇರುತ್ತದೆ. ಕರಿಹಲಗೆಯ ಮೇಲಂಚಿನಲ್ಲಿ ಬರೆಯುವ ಮೇಷ್ಟ್ರು, ಚಾವಣಿಗೆ ಬಣ್ಣ ಬಳಿಯುವವರು ಕೂಡ ಇದೇ ಗುಂಪು. ಗಂಟೆಗೊಮ್ಮೆ ದೋಟಿ ಇಳಿಸಿ ಜೊತೆಗಾರನ ಕೈಗೆ ಕೊಡುವುದು, ಮರದ ಬುಡಕ್ಕೆ ಇನ್ನೊಂದು ಹೆಜ್ಜೆ ಹತ್ತಿರ ನಿಂತು ಮೊಣಕೈಯನ್ನು ಮೈಗೆ ಸೇರಿಸಿಕೊಳ್ಳುವುದು, ಇವಕ್ಕೆ ಖರ್ಚಿಲ್ಲ. ಕೂಲಿಯ ಲೆಕ್ಕ ಗೊನೆಯ ಮೇಲಿದ್ದಾಗ ಯಾರು ಇಳಿಸುತ್ತಾರೆ ಎನ್ನುವುದು ಶರೀರಶಾಸ್ತ್ರದ ಪ್ರಶ್ನೆಯಲ್ಲ.

2002ರ ಮೇ ತಿಂಗಳಲ್ಲಿ ಆಂಟಿಗಾದಲ್ಲಿ ಕುಂಬ್ಳೆ ಮುರಿದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು ಸತತ 14 ಓವರ್ ಎಸೆದರು, ಲಾರಾ ಅವರನ್ನು ಎಲ್‌ಬಿಡಬ್ಲ್ಯೂ ಕೆಡವಿದರು. ಆ ಚಿತ್ರ ಎಲ್ಲರ ಕಣ್ಣಲ್ಲಿದೆ. ಎಲ್ಲರೂ ನೋಡಿದ್ದು ದವಡೆಯನ್ನು. ಶಸ್ತ್ರಚಿಕಿತ್ಸೆಯಾಗಿ ಒಂದೂವರೆ ವರ್ಷವೂ ಆಗಿರದ ಹೆಗಲು ಅದರ ಪಕ್ಕದಲ್ಲೇ ತಿರುಗುತ್ತಿತ್ತು.